ಸೇನೆಯಲ್ಲಿ ಲೈಂಗಿಕ ದೌರ್ಜನ್ಯ ಆದ್ರೆ ಯಾವ್ದು ಮೊದ್ಲು, ಯಾವ್ದು ಆಮೇಲೆ: ಆಸ್ಪತ್ರೆಯಿಂದ ಎಫ್‌ಐಆರ್‌ವರೆಗೆ ಸಮಗ್ರ ಮಾರ್ಗದರ್ಶಿ

ತೀರ್ಥಹಳ್ಳಿ, ಹೊಸನಗರ ಭಾಗದಲ್ಲಿ ನಾನು ಉಚಿತ ಕಾನೂನು ನೆರವಿನ ಪ್ಯಾರಾ ಲೀಗಲ್ ವಾಲಂಟಿಯರ್ ಆಗಿ ಓಡಾಡ್ತೀನಿ. ಮಿಲಿಟರಿಯಲ್ಲಿರೋ ಮಕ್ಕಳ ವಿಷಯ ಹಿಡ್ಕೊಂಡು ಮೂರು ಮನೆಯವ್ರು ಬಂದಿದ್ರು, ಮೂರೂ ಮನೆಯವ್ರು ಎಡವಿದ್ದು ಒಂದೇ ಕಡೆ. ಮೊದ್ಲು ಊರಿಗೆ ಬಂದ್ರು, ಸ್ನಾನ ಮಾಡಿದ್ರು, ಬಟ್ಟೆ ಒಗೆದ್ರು, ಯೂನಿಟ್‌ಗೆ ಬಾಯಲ್ಲಿ ಹೇಳಿ ರಜೆ ಮುಗಿಯೋವರೆಗೂ ಕಾದ್ರು, ಆಮೇಲೆ ನನ್ನ ಹತ್ರ ಬಂದ್ರು. ಅಷ್ಟೊತ್ತಿಗೆ ಅರ್ಧ ಕೇಸು ಬಚ್ಚಲಲ್ಲಿ ಹರಿದು ಹೋಗಿತ್ತು. ಅದಕ್ಕೇ ಇದನ್ನ ಕ್ರಮವಾಗಿ ಬರೀತಿದೀನಿ, ಕ್ರಮಾನೇ ಇಲ್ಲಿ ಮುಖ್ಯ.

ಅಮೆರಿಕದ ಸೇನೆಯ ವೀಡಿಯೋ ನೋಡಿ "ಗುಟ್ಟಾಗಿ ರಿಪೋರ್ಟ್ ಮಾಡ್ಬಹುದಂತಲ್ಲ" ಅಂತ ಕೇಳೋರಿದ್ದಾರೆ. ಅಲ್ಲಿ 2005ರಿಂದ ರಿಸ್ಟ್ರಿಕ್ಟೆಡ್ ರಿಪೋರ್ಟ್ ಅಂತ ಒಂದು ಪದ್ಧತಿ ಇದೆ, ತನಿಖೆ ಶುರುವಾಗದೇನೇ ಚಿಕಿತ್ಸೆ, ಕೌನ್ಸೆಲಿಂಗ್ ಸಿಗತ್ತೆ. ನಮ್ಮ ಸೇನೆಯಲ್ಲಿ ಆ ವ್ಯವಸ್ಥೆ ಇಲ್ಲ. ಅದಕ್ಕೆ ಹತ್ತಿರದ್ದು ಅಂದ್ರೆ ಆಸ್ಪತ್ರೆ, ಉಚಿತ ವಕೀಲರು, ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಈ ಮೂರನ್ನ ನಾವೇ ಜೋಡಿಸ್ಕೋಬೇಕು.

## ಮೊದ್ಲು ತಲೇಲಿ ಇಟ್ಕೊಳ್ಳಬೇಕಾದ ಗಡುವುಗಳು

72 ಗಂಟೆ: ವೈದ್ಯಕೀಯ ಸಾಕ್ಷ್ಯ ಚೆನ್ನಾಗಿ ಸಿಗೋ ಅವಧಿ, ಎಚ್‌ಐವಿ ತಡೆಯೋ ಮಾತ್ರೆ ಶುರು ಮಾಡೋಕೂ ಇದೇ ಗಡುವು.

3 ತಿಂಗಳು: ಲೈಂಗಿಕ ಕಿರುಕುಳ ತಡೆ ಕಾಯ್ದೆ, ಅಂದ್ರೆ 2013ರ ಪಾಶ್ ಕಾಯ್ದೆ ಪ್ರಕಾರ ಆಂತರಿಕ ಸಮಿತಿಗೆ (ಕೆಲಸದ ಜಾಗದಲ್ಲೇ ಇಂಥ ದೂರು ವಿಚಾರಿಸೋ ಸಮಿತಿ) ದೂರು ಕೊಡೋಕೆ. ಸರಿಯಾದ ಕಾರಣ ಬರೆದ್ರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು.

3 ವರ್ಷ: ಕೋರ್ಟ್ ಮಾರ್ಷಲ್, ಅಂದ್ರೆ ಸೇನೆಯದ್ದೇ ಕೋರ್ಟಿನ ವಿಚಾರಣೆ ಶುರುವಾಗೋಕೆ ಸೇನಾ ಕಾಯ್ದೆಯ ಸೆಕ್ಷನ್ 122 ಹಾಕಿರೋ ಮಿತಿ. ಅತ್ಯಾಚಾರದ ಪ್ರಕರಣಕ್ಕೆ ಸಾಮಾನ್ಯ ಕೋರ್ಟಲ್ಲಿ ಇಂಥ ಕಾಲಮಿತಿ ಇಲ್ಲ. ಹಾಗಾಗಿ ತಡವಾಗಿದ್ರೂ ಬಾಗಿಲು ಮುಚ್ಚಿಲ್ಲ, ತಡ ಯಾಕಾಯ್ತು ಅಂತ ದೂರಲ್ಲೇ ಬರೀಬೇಕು ಅಷ್ಟೆ.

## ಹಂತ 1: ಇದ್ದ ಊರಲ್ಲೇ ಸುರಕ್ಷಿತ ಜಾಗ, ಊರಿಗೆ ಬರೋ ರೈಲು ಆಮೇಲೆ

ಜಮ್ಮು ಕಡೆಯಿಂದ ಬೆಂಗಳೂರಿಗೆ ಬಂದು, ಅಲ್ಲಿಂದ ರಾತ್ರಿ ಬಸ್ಸೋ ರೈಲೋ ಹಿಡಿದು ಶಿವಮೊಗ್ಗಕ್ಕೆ ಬಂದು, ಮತ್ತೆ ಹಳ್ಳಿ ಬಸ್ಸು ಹತ್ತಿ ಮನೆ ಮುಟ್ಟೋದ್ರಲ್ಲಿ ಆ 72 ಗಂಟೆ ಪೂರ್ತಿ ಹೋಗ್ಬಿಡತ್ತೆ. "ನೀನು ಮೊದ್ಲು ಮನೆಗೆ ಬಾ, ಆಮೇಲೆ ನೋಡೋಣ" ಅಂತ ಅಪ್ಪ ಅಮ್ಮ ಫೋನಲ್ಲಿ ಹೇಳೋದು ಪ್ರೀತಿಯಿಂದಾನೇ, ಆದ್ರೆ ನಾನು ನೋಡಿದ ದೊಡ್ಡ ತಪ್ಪು ಇದೇ.

ಫೋನ್ ಬಂದ ತಕ್ಷಣ ಮನೆಯವ್ರು ಕೇಳ್ಬೇಕಾದ್ದು ಮೂರೇ ಪ್ರಶ್ನೆ. ಈಗ ಅವ್ನು ಹತ್ರದಲ್ಲಿದಾನಾ? ನಿನ್ನ ಜೊತೆ ನಂಬೋ ಹಾಗಿರೋರು ಯಾರಿದಾರೆ? ಹತ್ರದ ಆಸ್ಪತ್ರೆ ಯಾವ್ದು? ಏನಾಯ್ತು, ಹೇಗಾಯ್ತು, ನೀನ್ಯಾಕೆ ಅಲ್ಲಿಗೆ ಹೋದೆ ಅನ್ನೋದನ್ನೆಲ್ಲ ಆಗ ಕೇಳ್ಬೇಡಿ. ತುರ್ತು ಇದ್ರೆ 112. ಮಹಿಳಾ ಸಹಾಯವಾಣಿ 181, ಯಾವ ರಾಜ್ಯದಲ್ಲಿದ್ರೂ ಅಲ್ಲಿಯ ಸಖಿ ಒನ್ ಸ್ಟಾಪ್ ಸೆಂಟರ್ (ನೊಂದ ಹೆಣ್ಣುಮಕ್ಕಳಿಗೆ ಎಲ್ಲ ನೆರವೂ ಒಂದೇ ಕಡೆ ಸಿಗೋ ಜಾಗ) ಎಲ್ಲಿದೆ ಅಂತ ಅವ್ರೇ ಹೇಳ್ತಾರೆ.

## ಹಂತ 2: ಮೈ, ಬಟ್ಟೆ, ಫೋನು

ಹೊಸನಗರ ಕಡೆಯ ಒಬ್ಬ ತಾಯಿ ನನ್ನ ಹತ್ರ ಅತ್ತಿದ್ದು ಇನ್ನೂ ಕಣ್ಣಲ್ಲಿದೆ. ಮಗಳು ಒಂದೂವರೆ ದಿನದ ದಾರಿಯಿಂದ ಬಂದು ಜಗಲಿ ಮೇಲೆ ಬ್ಯಾಗು ಇಟ್ಟು ಕೂತಿದ್ಲು, ಮಾತೇ ಆಡ್ಲಿಲ್ಲ. ನಮ್ಮ ಕಡೆ ಎಲ್ಲ ಅಮ್ಮಂದಿರು ಹೇಳೋ ಹಾಗೆ ಇವ್ರೂ "ಹಂಡೆ ಕಾದಿದೆ, ಮೊದ್ಲು ಮಿಂದು ಬಾ" ಅಂದ್ರು. ಬಟ್ಟೆ ನೆನೆಸಿದ್ದೂ ಅವ್ರೇ. ಗೊತ್ತಿರ್ಲಿಲ್ಲ, ಪಾಪ. ವಿಷಯ ತಿಳಿದಿದ್ದು ರಾತ್ರಿ ಊಟದ ಹೊತ್ತಿಗೆ.

ಹಾಗಾಗಿ: ಆಸ್ಪತ್ರೆಗೆ ಹೋಗೋವರೆಗೂ ಸ್ನಾನ, ಬಾಯಿ ಮುಕ್ಕಳಿಸೋದು, ಉಗುರು ಕತ್ತರಿಸೋದು, ತಲೆ ಬಾಚೋದು ಬೇಡ. ಮೂತ್ರಕ್ಕೆ ಹೋಗ್ಲೇಬೇಕು ಅಂದ್ರೆ ಹೋಗಿ, ಆದ್ರೆ ತೊಳ್ಕೋಬೇಡಿ. ಇಷ್ಟರಲ್ಲಿ ಸ್ನಾನ ಆಗಿಹೋಗಿದ್ರೆ ಅದಕ್ಕಾಗಿ ಆಸ್ಪತ್ರೆ ಬಿಡಬೇಡಿ, ಗಾಯದ ಗುರುತು, ಬಟ್ಟೆ ಎಲ್ಲ ಇನ್ನೂ ಸಾಕ್ಷಿನೇ.

ಬಟ್ಟೆ ಪೇಪರ್ ಕವರಲ್ಲಿ ಹಾಕಿ, ಒಂದೊಂದು ಬಟ್ಟೆಗೆ ಒಂದೊಂದು ಕವರ್. ಇಲ್ಲದಿದ್ರೆ ಬಳಸದ ಹಾಳೆಯಲ್ಲಿ ಸುತ್ತಿ. ಪ್ಲಾಸ್ಟಿಕ್ ಬೇಡ್ವೇ ಬೇಡ, ಅದರಲ್ಲೂ ನಮ್ಮ ಮಳೆಗಾಲದಲ್ಲಿ ಎರಡೇ ದಿನಕ್ಕೆ ಬೂಷ್ಟು ಹಿಡಿಯತ್ತೆ, ಬೂಷ್ಟು ಹಿಡಿದ್ರೆ ಲ್ಯಾಬಲ್ಲಿ ಏನೂ ಸಿಗಲ್ಲ. ಒದ್ದೆ ಇದ್ರೆ ನೆರಳಲ್ಲಿ ಗಾಳಿಗೆ ಆರ್ಲಿ. ಬಚ್ಚಲ ಒಲೆ ಮೇಲಿನ ಹಗ್ಗಕ್ಕೆ ಹಾಕ್ಬೇಡಿ, ಆ ಶಾಖ ಹೊಗೆಗೆ ಹಾಳಾಗತ್ತೆ.

ಫೋನಲ್ಲಿ ಏನನ್ನೂ ಡಿಲೀಟ್ ಮಾಡ್ಬೇಡಿ, ಅವನನ್ನ ಬ್ಲಾಕ್ ಮಾಡೋಕೆ ಮುಂಚೆ ಚಾಟ್ ಪೂರ್ತಿ ಉಳಿಸ್ಕೊಳ್ಳಿ. ವಾಟ್ಸಾಪಲ್ಲಿ ಮೆಸೇಜು ತಾನಾಗೇ ಅಳಿಸಿಹೋಗೋ ಸೆಟ್ಟಿಂಗ್ ಇದ್ರೆ ತಕ್ಷಣ ಆಫ್ ಮಾಡಿ. ಸ್ಕ್ರೀನ್‌ಶಾಟ್ ಒಂದೇ ಸಾಲಲ್ಲ, ಮೂಲ ಫೋನೂ ಬೇಕು, ಯಾಕಂದ್ರೆ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆ ಜೊತೆ ಸರ್ಟಿಫಿಕೇಟ್ ಕೊಡ್ಬೇಕಾಗತ್ತೆ.

## ಹಂತ 3: ಆಸ್ಪತ್ರೆ, ಯಾವ್ದಾದ್ರೂ ಸರಿ

ಮಿಲಿಟರಿ ಆಸ್ಪತ್ರೆಗೇ ಹೋಗ್ಬೇಕು ಅಂತ ಇಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 397ರ ಪ್ರಕಾರ ಕೇಂದ್ರ ಸರ್ಕಾರದ್ದು, ರಾಜ್ಯದ್ದು, ಖಾಸಗಿ, ಯಾವ ಆಸ್ಪತ್ರೆಯಾದ್ರೂ ಅತ್ಯಾಚಾರಕ್ಕೆ ಒಳಗಾದೋರಿಗೆ ಕೂಡಲೇ ಉಚಿತ ಚಿಕಿತ್ಸೆ ಕೊಡಲೇಬೇಕು. ಕೊಡದಿದ್ರೆ ಅದೇ ಅಪರಾಧ. ನಮ್ಮ ಜಿಲ್ಲೇಲಿ ಇದ್ರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗೋದು ಒಳ್ಳೇದು, ದಾರಿ ದೂರ ಅಂದ್ರೆ ತಾಲ್ಲೂಕು ಆಸ್ಪತ್ರೇಲೇ ಮೊದಲ ಪರೀಕ್ಷೆ ಮಾಡಿಸ್ಬಹುದು. "ಮೊದ್ಲು ಎಫ್‌ಐಆರ್ ತನ್ನಿ" ಅಂದ್ರೆ ಒಪ್ಪಬೇಡಿ, ಪರೀಕ್ಷೆಗೆ ಎಫ್‌ಐಆರ್ ಬೇಕಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ಆಸ್ಪತ್ರೆಯವ್ರು ಪೊಲೀಸರಿಗೆ ತಿಳಿಸಲೇಬೇಕು ಅಂತ ಕಾನೂನಿದೆ. ಆದ್ರೆ ಪೊಲೀಸರಿಗೆ ಹೇಳಿಕೆ ಕೊಡ್ಬೇಕಾ, ಸಾಕ್ಷ್ಯ ಸಂಗ್ರಹಕ್ಕೆ ಒಪ್ಪಬೇಕಾ ಅನ್ನೋದು ನೊಂದವರ ಇಷ್ಟ. ಈಗ ಬೇಡ ಅನ್ಸಿದ್ರೆ ಹಾಗೇ ಹೇಳಿ, ವೈದ್ಯರು ಆ ನಿರಾಕರಣೆಯನ್ನ ಬರ್ಕೊಂಡು ಚಿಕಿತ್ಸೆ ಮುಂದುವರಿಸ್ಬೇಕು. ನನ್ನ ಸಲಹೆ ಏನಂದ್ರೆ ಸಾಕ್ಷ್ಯ ಸಂಗ್ರಹಕ್ಕೆ ಒಪ್ಕೊಳ್ಳಿ, ದೂರಿನ ತೀರ್ಮಾನ ನಾಳೆ ಮಾಡ್ಬಹುದು, ಸಾಕ್ಷ್ಯ ನಾಳೆ ಸಿಗಲ್ಲ.

ಕೇಳಿ ಪಡ್ಕೋಬೇಕಾದ್ದು: ಗರ್ಭ ತಡೆಯೋ ತುರ್ತು ಮಾತ್ರೆ, 28 ದಿನದ ಎಚ್‌ಐವಿ ತಡೆ ಮಾತ್ರೆ, ಹೆಪಟೈಟಿಸ್ ಬಿ ಮತ್ತು ಟೆಟನಸ್ ಲಸಿಕೆ, ಗಾಯದ ವಿವರ ಇರೋ ವೈದ್ಯಕೀಯ ವರದಿಯ ಪ್ರತಿ. ಎರಡು ಬೆರಳ ಪರೀಕ್ಷೆ ಮಾಡೋಕೆ ಬಂದ್ರೆ ಬೇಡ ಅನ್ನಿ, ಅದನ್ನ ಮಾಡೋದೇ ದುರ್ನಡತೆ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಗರ್ಭ ನಿಂತಿದ್ರೆ ಅತ್ಯಾಚಾರದ ಪ್ರಕರಣದಲ್ಲಿ 24 ವಾರದವರೆಗೆ ಗರ್ಭಪಾತಕ್ಕೆ ಕಾನೂನಲ್ಲಿ ಅವಕಾಶ ಇದೆ.

## ಹಂತ 4: ಯಾರಿಗೂ ಕೊಡೋಕೆ ಮುಂಚೆ ನಿಮಗಾಗಿ ಬರ್ದಿಡಿ

ಅದೇ ದಿನ, ಆಗದಿದ್ರೆ ಮಾರನೇ ದಿನ, ಕನ್ನಡದಲ್ಲೇ ಬರೀರಿ. ದಿನಾಂಕ, ಹೊತ್ತು, ಜಾಗ, ಯಾರು ಎಲ್ಲಿದ್ರು, ಅವ್ನು ಏನಂದ, ಆಮೇಲೆ ಯಾರಿಗೆ ಮೊದ್ಲು ಹೇಳಿದ್ರಿ. ನೆನಪು ಹಿಂದೆ ಮುಂದೆ ಆದ್ರೆ ಆಗ್ಲಿ, ಗೊತ್ತಿಲ್ಲದ್ದನ್ನ ಊಹಿಸಿ ತುಂಬಿಸ್ಬೇಡಿ, "ನೆನಪಿಲ್ಲ" ಅಂತಲೇ ಬರೀರಿ. ಆಮೇಲೆ ನಾಲ್ಕು ಕಡೆ ಹೇಳಿಕೆ ಕೊಡ್ಬೇಕಾಗತ್ತೆ, ನಾಲ್ಕರಲ್ಲೂ ಒಂದೇ ಥರ ಇರ್ಬೇಕು ಅಂದ್ರೆ ಈ ಹಾಳೆ ಬೇಕು.

ಸೇನೆಗೆ ಸಂಬಂಧಪಟ್ಟ ಒಂದು ಎಚ್ಚರಿಕೆ: ಘಟನೆಗೆ ಬೇಕಾದಷ್ಟೇ ಬರೀರಿ. ಯೂನಿಟ್ಟಿನ ಚಲನವಲನ, ಪೋಸ್ಟಿನ ಫೋಟೋ, ಡ್ಯೂಟಿ ಪಟ್ಟಿ ಇವನ್ನೆಲ್ಲ ಮನೆಯವ್ರ ವಾಟ್ಸಾಪಿಗೆ ಹಾಕ್ಬೇಡಿ. ಅನುಮತಿ ಇಲ್ದೆ ಪತ್ರಿಕೆ ಟಿವಿಯವ್ರ ಹತ್ರ ಮಾತಾಡೋದಕ್ಕೂ ಸೇನೇಲಿರೋರಿಗೆ ನಿರ್ಬಂಧ ಇದೆ. ಇವೆರಡನ್ನೇ ಹಿಡ್ಕೊಂಡು ದೂರು ಕೊಟ್ಟೋರ ಮೇಲೇ ಕ್ರಮ ಅಂತ ತಿರುಗಿಸ್ಬಹುದು. ಪೊಲೀಸರು, ವೈದ್ಯರು, ವಕೀಲರ ಹತ್ರ ಮಾತಾಡೋಕೆ ಯಾರ ಅಪ್ಪಣೆಯೂ ಬೇಡ.

## ಹಂತ 5: ಯಾವ ದಾರಿ ನಿಮ್ಮದು ಅಂತ ಗುರುತಿಸಿ

ಇಲ್ಲಿ ಗೊಂದಲ ಜಾಸ್ತಿ, ಅದಕ್ಕೆ ಸ್ವಲ್ಪ ನಿಧಾನವಾಗಿ ಓದಿ.

ಇಬ್ಬರೂ ಸೇನೆಯವ್ರೇ ಆದ್ರೆ ಕೋರ್ಟ್ ಮಾರ್ಷಲ್ ಆಗ್ಬಹುದು, ಸಾಮಾನ್ಯ ಕ್ರಿಮಿನಲ್ ಕೋರ್ಟೂ ಆಗ್ಬಹುದು. 1950ರ ಸೇನಾ ಕಾಯ್ದೆಯ ಸೆಕ್ಷನ್ 125 ಆ ಆಯ್ಕೆಯನ್ನ ಮೇಲಿನ ಹಂತದ ಕಮಾಂಡರಿಗೆ ಕೊಡತ್ತೆ, ಸೆಕ್ಷನ್ 126ರಲ್ಲಿ ಕ್ರಿಮಿನಲ್ ಕೋರ್ಟು ಆರೋಪಿಯನ್ನ ತನಗೆ ಒಪ್ಪಿಸಿ ಅಂತ ಕೇಳ್ಬಹುದು, ಭಿನ್ನಾಭಿಪ್ರಾಯ ಬಂದ್ರೆ ಕೇಂದ್ರ ಸರ್ಕಾರ ತೀರ್ಮಾನಿಸತ್ತೆ. ಇದ್ಯಾವುದೂ ನೀವು ಎಫ್‌ಐಆರ್ ಕೊಡೋದನ್ನ ತಡಿಯಲ್ಲ.

ನೊಂದವರು ಸೇನೆಯವ್ರಲ್ಲ, ಉದಾಹರಣೆಗೆ ಕ್ವಾರ್ಟರ್ಸಲ್ಲಿರೋ ಹೆಂಡತಿ, ಮಗಳು, ಮನೆಗೆಲಸದವಳು ಆಗಿದ್ರೆ ಸೇನಾ ಕಾಯ್ದೆಯ ಸೆಕ್ಷನ್ 70ರ ಪ್ರಕಾರ ಅತ್ಯಾಚಾರದ ಪ್ರಕರಣ ಕೋರ್ಟ್ ಮಾರ್ಷಲ್‌ಗೆ ಹೋಗೋ ಹಾಗೇ ಇಲ್ಲ, ಸಾಮಾನ್ಯ ಕೋರ್ಟೇ. ಸಕ್ರಿಯ ಸೇವೆ, ದೇಶದ ಹೊರಗೆ, ಸರ್ಕಾರ ಗುರುತಿಸಿದ ಗಡಿ ಠಾಣೆ, ಈ ಮೂರು ಸಂದರ್ಭಕ್ಕೆ ಮಾತ್ರ ವಿನಾಯಿತಿ.

ನೊಂದವರಿಗೆ 18 ತುಂಬಿಲ್ಲದಿದ್ರೆ ಪೋಕ್ಸೊ, ಅಂದ್ರೆ ಮಕ್ಕಳನ್ನ ಲೈಂಗಿಕ ಅಪರಾಧದಿಂದ ಕಾಪಾಡೋ ಕಾಯ್ದೆ. ಇದನ್ನ ಯಾರೂ ಗಮನಿಸಲ್ಲ. ಅಗ್ನಿವೀರ್, ಅಂದ್ರೆ ನಾಲ್ಕು ವರ್ಷದ ಅವಧಿಗೆ ಸೇನೆಗೆ ಸೇರೋರ ಭರ್ತಿ ಹದಿನೇಳೂವರೆ ವಯಸ್ಸಿಗೇ ಶುರು. ಟ್ರೈನಿಂಗಲ್ಲಿರೋ ಹುಡುಗ ಆಗ್ಲಿ ಹುಡುಗಿ ಆಗ್ಲಿ 18ಕ್ಕೆ ಒಂದು ದಿನ ಕಮ್ಮಿ ಇದ್ರೂ ಪೋಕ್ಸೊ ಅನ್ವಯಿಸತ್ತೆ, ವಿಷಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸದೇ ಇರೋದೂ ಅಪರಾಧ. ಹತ್ತನೇ ಕ್ಲಾಸಿನ ಅಂಕಪಟ್ಟಿ ತೆಗೆದಿಡಿ.

18 ದಾಟಿದ ಗಂಡಸರ ಮೇಲೆ ಆದ್ರೆ ದಾರಿ ಕಿರಿದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಅತ್ಯಾಚಾರದ ಸೆಕ್ಷನ್ ಹೆಣ್ಣುಮಕ್ಕಳಿಗೆ ಮಾತ್ರ, ಗಂಡಸರ ಮೇಲಿನ ದೌರ್ಜನ್ಯಕ್ಕೂ ಬಳಸ್ತಿದ್ದ ಹಳೇ ದಂಡ ಸಂಹಿತೆಯ ಸೆಕ್ಷನ್ 377 ಅದರಲ್ಲಿ ಇಲ್ಲ. ಪಾಶ್ ಕಾಯ್ದೆಯೂ ಗಂಡಸರಿಗಿಲ್ಲ. ಆದ್ರೆ ಸೇನಾ ಕಾಯ್ದೆಯ ಸೆಕ್ಷನ್ 46 ಅಸಭ್ಯ, ಅಸ್ವಾಭಾವಿಕ, ಕ್ರೂರ ನಡತೆಗೆ 7 ವರ್ಷದವರೆಗೆ ಶಿಕ್ಷೆ ಇಟ್ಟಿದೆ, ಅದರಡಿ ಲಿಖಿತ ದೂರು ಕೊಡ್ಬಹುದು, ಗಾಯ ಆಗಿದ್ರೆ ಪೊಲೀಸರಿಗೆ ಹಲ್ಲೆ ದೂರೂ ಕೊಡ್ಬಹುದು. ಗಂಡುಮಕ್ಕಳು ಬಾಯಿ ಬಿಡಲ್ಲ, ಆಸ್ಪತ್ರೆಗಂತೂ ಹೋಗಲ್ಲ, ದಯವಿಟ್ಟು ಹೋಗಿ. 72 ಗಂಟೆಯ ಲೆಕ್ಕ ನಿಮಗೂ ಅದೇ.

ನೌಕಾಪಡೆ, ವಾಯುಪಡೆಗೆ ಬೇರೆ ಬೇರೆ ಕಾಯ್ದೆ ಇದೆ, ಸೆಕ್ಷನ್ ನಂಬರ್ ಬೇರೆ. ಕಾರವಾರದ ನೌಕಾನೆಲೆಯಲ್ಲಿರೋರು ಈ ನಂಬರುಗಳನ್ನ ಹಾಗೇ ಬರೀಬೇಡಿ.

## ಹಂತ 6: ಎಫ್‌ಐಆರ್

ಘಟನೆ ಎಲ್ಲೇ ಆಗಿರ್ಲಿ, ಶಿವಮೊಗ್ಗದ ಮಹಿಳಾ ಠಾಣೇಲೋ ನಿಮ್ಮ ತಾಲ್ಲೂಕಿನ ಠಾಣೇಲೋ ಝೀರೋ ಎಫ್‌ಐಆರ್ ಮಾಡಿಸ್ಬಹುದು, ಅವ್ರು ಅದನ್ನ ಸಂಬಂಧಪಟ್ಟ ಠಾಣೆಗೆ ಕಳಿಸ್ತಾರೆ. "ಮಿಲಿಟರಿ ಮ್ಯಾಟರು, ನಮಗೆ ಬರಲ್ಲ" ಅಂತ ವಾಪಸ್ ಕಳಿಸಿದ್ರೆ ಸುರಕ್ಷಾ ಸಂಹಿತೆಯ ಸೆಕ್ಷನ್ 173 ಅಂತ ಹೇಳಿ, ಆದ್ರೂ ಬರ್ಕೊಳ್ಳದಿದ್ರೆ ಅದೇ ದೂರನ್ನ ಸ್ಪೀಡ್ ಪೋಸ್ಟಲ್ಲಿ ಎಸ್‌ಪಿಗೆ ಕಳಿಸಿ, ಅಲ್ಲೂ ಆಗದಿದ್ರೆ ಮ್ಯಾಜಿಸ್ಟ್ರೇಟ್ ಹತ್ರ ಹೋಗ್ಬಹುದು. ಪೋಸ್ಟಿನ ರಸೀದಿ ಜೋಪಾನ.

ಹೇಳಿಕೆಯನ್ನ ಮಹಿಳಾ ಅಧಿಕಾರಿನೇ ಬರ್ಕೋಬೇಕು, ಅದೂ ನಿಮ್ಮ ಮನೇಲೋ ನೀವು ಹೇಳಿದ ಜಾಗದಲ್ಲೋ ಆಗ್ಬಹುದು. ಎಫ್‌ಐಆರ್ ಪ್ರತಿ ಉಚಿತ. ಇ-ಮೇಲಲ್ಲಿ ದೂರು ಕಳಿಸಿದ್ರೆ 3 ದಿನದೊಳಗೆ ಹೋಗಿ ಸಹಿ ಹಾಕ್ಬೇಕು, ಇದನ್ನ ಮರೆತು ಕೂತೋರಿದ್ದಾರೆ.

ಕನ್ನಡದಲ್ಲಿ ದೂರು ಕೊಡಿ, ಜೊತೆಗೆ ಹಿಂದಿ ಅಥವಾ ಇಂಗ್ಲಿಷ್ ಅನುವಾದ ಲಗತ್ತಿಸಿ, ಯಾಕಂದ್ರೆ ಕಾಗದ ರಾಜಸ್ಥಾನಕ್ಕೋ ಪಂಜಾಬಿಗೋ ಹೋದ್ಮೇಲೆ ಅಲ್ಲಿ ಕನ್ನಡ ಓದೋರು ಸಿಗೋವರೆಗೂ ಫೈಲು ಮಲಗಿರತ್ತೆ. ನೊಂದವರ ಹೆಸರು, ಗುರುತು ಹೊರಗೆ ಹಾಕೋದು ಅಪರಾಧ, 2 ವರ್ಷದವರೆಗೆ ಶಿಕ್ಷೆ ಇದೆ. ಊರಿನ ಗ್ರೂಪಲ್ಲಿ ಅನುಕಂಪದ ಮೆಸೇಜು ಹಾಕೋರಿಗೂ ಇದು ಅನ್ವಯ.

## ಹಂತ 7: ಯೂನಿಟ್ಟಿಗೆ ಲಿಖಿತ ದೂರು, ಆಂತರಿಕ ಸಮಿತಿಗೆ ಬೇರೆ ದೂರು

ಯೂನಿಟ್ಟಿನ ಕಮಾಂಡಿಂಗ್ ಆಫೀಸರಿಗೆ ಬರವಣಿಗೇಲಿ ಕೊಡಿ, ಪ್ರತಿ ಮೇಲೆ ಸ್ವೀಕೃತಿ ಸಹಿ, ದಿನಾಂಕ ಹಾಕಿಸ್ಕೊಳ್ಳಿ. ಆರೋಪಿ ಅವರೇ ಆಗಿದ್ರೆ ಅವರ ಮೇಲಿನ ಹಂತಕ್ಕೆ ನೇರ ಕಳಿಸಿ. ಅನ್ಯಾಯ ಸರಿಪಡಿಸಿ ಅಂತ ಮೇಲಕ್ಕೆ ಹೋಗೋ ಹಕ್ಕು ಜವಾನರಿಗೆ ಸೇನಾ ಕಾಯ್ದೆಯ ಸೆಕ್ಷನ್ 26ರಲ್ಲಿ, ಅಧಿಕಾರಿಗಳಿಗೆ ಸೆಕ್ಷನ್ 27ರಲ್ಲಿ ಇದೆ. ಇದಾದ್ಮೇಲೆ ಕೋರ್ಟ್ ಆಫ್ ಇನ್‌ಕ್ವೈರಿ ನಡೀಬಹುದು. ಅದು ಸಂಗತಿ ಕಲೆಹಾಕೋ ವಿಚಾರಣೆ, ಶಿಕ್ಷೆ ಕೊಡಲ್ಲ. "ಇನ್‌ಕ್ವೈರಿ ಆಯ್ತು" ಅಂದ ತಕ್ಷಣ ಕೇಸು ಮುಗೀತು ಅಂದ್ಕೊಂಡು ಸುಮ್ಮನಾಗ್ಬೇಡಿ.

ಹೆಣ್ಣುಮಕ್ಕಳಾದ್ರೆ ಆಂತರಿಕ ಸಮಿತಿಗೆ ಪ್ರತ್ಯೇಕ ದೂರು ಕೊಡಿ, 6 ಪ್ರತಿ, ಸಾಕ್ಷಿಗಳ ಹೆಸರು ವಿಳಾಸದ ಜೊತೆ. ಸಮಿತಿಗೆ ಹಿರಿಯ ಮಹಿಳೆಯೇ ಅಧ್ಯಕ್ಷೆ ಆಗಿರ್ಬೇಕು, ಅರ್ಧದಷ್ಟು ಮಹಿಳೆಯರಿರ್ಬೇಕು, ಹೊರಗಿನ ಒಬ್ಬ ಸದಸ್ಯರಿರ್ಬೇಕು. ವಿಚಾರಣೆ 90 ದಿನದಲ್ಲಿ ಮುಗೀಬೇಕು. ವಕೀಲರನ್ನ ಒಳಗೆ ಬಿಡಲ್ಲ, ಹಾಗಾಗಿ ತಯಾರಿ ಮುಂಚೇನೇ. ವಿಚಾರಣೆ ನಡೀವಾಗ ಅವನನ್ನ ಬೇರೆ ಕಡೆ ಹಾಕಿ, ನನಗೆ ರಜೆ ಕೊಡಿ ಅಂತ ಅರ್ಜೀಲೇ ಕೇಳ್ಕೊಳ್ಳಿ, 3 ತಿಂಗಳವರೆಗೆ ಹೆಚ್ಚುವರಿ ರಜೆಗೆ ಕಾಯ್ದೆಯಲ್ಲೇ ಅವಕಾಶ ಇದೆ. ಕೇಳದಿದ್ರೆ ತಾನಾಗಿ ಸಿಗಲ್ಲ. ಸಮಿತಿ ಇದ್ರೂ ಪೊಲೀಸ್ ಕೇಸು ಮುಂದುವರಿಯತ್ತೆ, ಎರಡೂ ಒಟ್ಟಿಗೆ ನಡೀಬಹುದು.

## ಹಂತ 8: ರಜೆ ಮುಗಿಯೋ ದಿನ

ಇದಕ್ಕೊಂದು ಬೇರೆ ಹಂತ ಬೇಕೇ ಬೇಕು. ಭಯಕ್ಕೆ ಹುಡುಗಿ ವಾಪಸ್ ಹೋಗಲ್ಲ, ಮನೆಯವ್ರೂ ಕಳಿಸಲ್ಲ, ಅದು ಅರ್ಥ ಆಗತ್ತೆ. ಆದ್ರೆ ರಜೆ ಮೀರಿ ಉಳಿಯೋದು ಸೇನಾ ಕಾಯ್ದೆಯ ಸೆಕ್ಷನ್ 39ರ ಅಪರಾಧ, 30 ದಿನ ದಾಟಿದ್ರೆ ಸೆಕ್ಷನ್ 106ರ ಪ್ರಕಾರ ವಿಚಾರಣೆ ನಡೆಸಿ ಗೈರುಹಾಜರಿ ಅಂತ ದಾಖಲು ಮಾಡ್ತಾರೆ. ಆಗ ಆರೋಪಿ ಯೂನಿಟ್ಟಲ್ಲಿ ಹಾಜರಿ, ನೊಂದವಳು ಪರಾರಿ. ಒಬ್ಬ ಹುಡುಗೀಗೆ ಹೀಗೇ ಆಯ್ತು, ಅವಳ ದೂರಿಗಿಂತ ಅವಳ ಗೈರುಹಾಜರಿ ಫೈಲೇ ದಪ್ಪ ಆಯ್ತು.

ರಜೆ ಮುಗಿಯೋಕೆ ನಾಲ್ಕೈದು ದಿನ ಮುಂಚೆ ರಜೆ ವಿಸ್ತರಣೆ ಅರ್ಜಿಯನ್ನ ವೈದ್ಯಕೀಯ ಪ್ರಮಾಣಪತ್ರದ ಜೊತೆ ಇ-ಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡರಲ್ಲೂ ಕಳಿಸಿ. ಆಸ್ಪತ್ರೆಗೆ ಸೇರಿದ್ರೆ ಅದೇ ದಿನ ಯೂನಿಟ್ಟಿಗೆ ತಿಳಿಸಿ. ನಮ್ಮ ಕಡೆ ಮಳೆಗೆ ಕರೆಂಟು, ನೆಟ್‌ವರ್ಕ್ ಎರಡೂ ಹೋದ್ರೆ ಮೂರು ದಿನ ಬರಲ್ಲ, ಕೊನೇ ದಿನಕ್ಕೆ ಇಟ್ಕೋಬೇಡಿ, ಪೇಟೆಗೆ ಹೋಗಿ ಕಳಿಸಿ ಬನ್ನಿ.

## ಹಂತ 9: ಈ ಲಕ್ಷಣ ಕಂಡ್ರೆ ಅಲ್ಲೇ ನಿಲ್ಲಿಸಿ ವಕೀಲರಿಗೆ ಫೋನ್ ಮಾಡಿ

"ಬಾಯಲ್ಲಿ ಹೇಳಿದ್ರಲ್ಲ, ಬರೆಯೋದ್ಯಾಕೆ" ಅಂದಾಗ. ಓದೋಕೆ ಬರದ ಭಾಷೆಯ ಹೇಳಿಕೆಗೆ, ಇಲ್ಲಾ ಖಾಲಿ ಹಾಳೆಗೆ ಸಹಿ ಕೇಳಿದಾಗ. ಆರೋಪಿಯನ್ನ ಎದುರಿಗೆ ಕೂರಿಸಿ "ಮಾತಾಡ್ಕೊಳ್ಳಿ" ಅಂದಾಗ. ನೀವು ಕೇಳದೇನೇ ನಿಮ್ಮನ್ನೇ ದೂರದ ಪೋಸ್ಟಿಂಗಿಗೆ ಹಾಕಿದಾಗ. ದೂರು ಕೊಟ್ಟ ಮಾರನೇ ದಿನವೇ ನಿಮ್ಮನ್ನ ಮಾನಸಿಕ ತಪಾಸಣೆಗೆ ಕಳಿಸಿದಾಗ. ನಾಲ್ಕು ವರ್ಷದ ಮೇಲೆ ಕಾಯಂ ಆಗೋರು ನಾಲ್ಕರಲ್ಲಿ ಒಬ್ಬರೇ ಅಂತ ಅಗ್ನಿವೀರ್ ಹುಡುಗಿಗೆ ನೆನಪಿಸಿದಾಗ. ಊರಲ್ಲೂ ಇದೆ ಇಂಥದ್ದು, ಹಿರೀರನ್ನ ಕೂರಿಸಿ ಪಂಚಾಯ್ತಿ ಮಾಡೋದು, ದುಡ್ಡಿನ ಮಾತು ತರೋದು. ಪಾಶ್ ಕಾಯ್ದೇಲಿ ರಾಜಿ ಆದ್ರೂ ದುಡ್ಡು ಅದಕ್ಕೆ ಆಧಾರ ಆಗೋ ಹಾಗಿಲ್ಲ, ಅತ್ಯಾಚಾರದಲ್ಲಂತೂ ರಾಜಿ ಅನ್ನೋದೇ ಇಲ್ಲ.

## ಹಂತ 10: ವಕೀಲರು, ಪರಿಹಾರ, ಮನಸ್ಸು

ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ರೂ ಉಚಿತ ವಕೀಲರು ಸಿಗ್ತಾರೆ, ಶಿವಮೊಗ್ಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲಾ 15100ಕ್ಕೆ ಫೋನ್ ಮಾಡಿ. ಪರಿಹಾರದ ಅರ್ಜಿಯೂ ಅಲ್ಲೇ. 2018ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಯೋಜನೇಲಿ ಅತ್ಯಾಚಾರಕ್ಕೆ 4ರಿಂದ 7 ಲಕ್ಷದವರೆಗೆ ಇದೆ, ತೀರ್ಪು ಬರೋವರೆಗೂ ಕಾಯಬೇಕಿಲ್ಲ, ಮಧ್ಯಂತರ ಪರಿಹಾರ ಕೇಳ್ಬಹುದು.

ಮನಸ್ಸಿನ ವಿಷಯಕ್ಕೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡ್ತಾರೆ, ಹಗಲೂ ರಾತ್ರಿ. ಸೇನೆಯವ್ರಿಗಂತಲೇ 2023ರ ಡಿಸೆಂಬರಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಲ್ಲಿ ಬೇರೆ ಘಟಕ ಶುರು ಮಾಡಿದ್ರು. ಮನೆಯವ್ರು ನೋಡ್ಬೇಕಾದ್ದು: ನಿದ್ದೆ ಬಿಟ್ಟಿದ್ದು, ಊಟ ಬಿಟ್ಟಿದ್ದು, ಸಾಮಾನೆಲ್ಲ ಹಂಚೋಕೆ ಶುರು ಮಾಡಿದ್ದು, ಇದ್ದಕ್ಕಿದ್ದಂತೆ ತೀರಾ ಶಾಂತ ಆಗಿದ್ದು. ಹಾಗಾದ್ರೆ ಒಬ್ಬಳನ್ನೇ ಬಿಡ್ಬೇಡಿ, ತೋಟಕ್ಕೆ ಹೊಡೆಯೋ ಔಷಧಿಯ ಡಬ್ಬಗಳನ್ನ ಕೊಟ್ಟಿಗೆಯಿಂದ ತೆಗೆದು ಬೀಗ ಹಾಕಿ.

ಎಫ್‌ಐಆರ್ ಆಗಿ 90 ದಿನದೊಳಗೆ ತನಿಖೆ ಎಲ್ಲಿಗೆ ಬಂತು ಅಂತ ಪೊಲೀಸರು ನಿಮಗೆ ತಿಳಿಸ್ಬೇಕು. ಆ ಹೊಸನಗರದ ತಾಯಿ ಈಗ ಅಡಿಕೆ ಲೆಕ್ಕ ಬರೆಯೋ ಕ್ಯಾಲೆಂಡರಲ್ಲೇ ಆ ದಿನಾಂಕಕ್ಕೆ ಕೆಂಪು ಗುರುತು ಹಾಕಿಟ್ಟಿದಾರೆ, ಎಫ್‌ಐಆರ್ ಪ್ರತಿ, ಆಸ್ಪತ್ರೆ ವರದಿ, ಪೋಸ್ಟಿನ ರಸೀದಿ ಮೂರೂ ದೇವರ ಮನೆ ಪೆಟ್ಟಿಗೇಲಿದೆ, ಮೂಲ ಪ್ರತಿ ಯಾರು ಕೇಳಿದ್ರೂ ಕೊಡಲ್ಲ, ಜೆರಾಕ್ಸ್ ಅಷ್ಟೇ ಕೊಡ್ತಾರೆ.